ಹತ್ತು ಜನ ಆಡಿದ ಅಮಾವಾಸ್ಯೆಗಳು

ನಮ್ಮೂರ ಫುಟ್‌ಬಾಲ್ ಕ್ಲಬ್ಬಿನ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಕ್ಲಬ್ಬಿನವರನ್ನು ಬೈಯುವ ಹಕ್ಕು ನನಗಿದೆ, ಬೇರೆಯವರಿಗಿಲ್ಲ. ಲಂಗ ಹಾಕುವ ವಯಸ್ಸಿನಿಂದ ಕೆರೆ ಏರಿಯ ಮೇಲೆ ಕೂತು ಅವರು ಸೋಲುವುದನ್ನು ನೋಡುತ್ತಾ ಬಂದವಳು ನಾನು. ನಮ್ಮ ಗೋಲ್‌ಕೀಪರ್‌ಗೆ ಸುಮ್ಮನೆ ನಿಲ್ಲುವುದು ಗೊತ್ತಿರಲಿಲ್ಲ, ಚೆಂಡು ಇನ್ನೂ ನಡುಮೈದಾನದಲ್ಲಿದ್ದಾಗಲೇ ಕಂಬ ಬಿಟ್ಟು ಓಡಿ ಬರುತ್ತಿದ್ದ. ಹಿಂದಿನ ಸಾಲಿನವರಿಗೆ ಚೆಂಡನ್ನು ಆಕಾಶಕ್ಕೆ ಹೊಡೆದರೆ ಆಯಿತು, ಅದು ಯಾರ ತಲೆ ಮೇಲೆ ಬೀಳುತ್ತದೆ ಅನ್ನುವುದು ದೇವರಿಗೆ ಬಿಟ್ಟದ್ದು. ಆದರೂ ನಾನು ಒಂದು ಮ್ಯಾಚನ್ನೂ ತಪ್ಪಿಸಿಕೊಂಡವಳಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಗೊಂದೋ ಎರಡೋ ಪವರ್‌ಲೂಮ್ ಮಗ್ಗ ಇರುತ್ತಿದ್ದವು. ಕರೆಂಟ್ ಇದ್ದಷ್ಟು ಹೊತ್ತು ಇಡೀ ಬೀದಿ ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಆ ಸದ್ದಿನಲ್ಲಿ ವರ್ಷಗಟ್ಟಲೆ ನಿಂತವರ ಕಿವಿ ಮಂದವಾಗದೆ ಏನಾಗುತ್ತದೆ? ಹಾಗಾಗಿ ನಮ್ಮವರು ಮಗ್ಗದ ಮನೆಯಲ್ಲಿ ದನಿ ಹೊರಡಿಸದೆ ಬರೀ ತುಟಿ ಆಡಿಸುತ್ತಾರೆ. ಎದುರಿನವರು ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಕ್ಲಬ್ಬಿನ ಹನ್ನೊಂದು ಜನವೂ ನೇಯುವವರೇ ಆದ್ದರಿಂದ ಮೈದಾನದಲ್ಲೂ ಅದೇ ರೂಢಿ. ಯಾರೂ ಕೂಗುವುದಿಲ್ಲ, ಕೈ ಎತ್ತಿ ತುಟಿ ಆಡಿಸಿದರೆ ಚೆಂಡು ಬರುತ್ತದೆ. ದೇವನಹಳ್ಳಿಯವರು ನಮ್ಮದನ್ನು ಮೂಗರ ಟೀಮು ಅನ್ನುತ್ತಿದ್ದರು. ರೆಫರಿ ಸೀಟಿ ಊದಿದ ಮೇಲೂ ನಮ್ಮವರು ಆಡುತ್ತಲೇ ಇರುತ್ತಿದ್ದರು. ಅದು ಪೊಗರು ಅಂತ ತಿಳಿದು ಎಷ್ಟೋ ರೆಫರಿಗಳು ಕೋಪ ಮಾಡಿಕೊಂಡಿದ್ದಾರೆ.

ನಮ್ಮ ಮ್ಯಾಚುಗಳು ನಡೆಯುತ್ತಿದ್ದದ್ದು ಅಮಾವಾಸ್ಯೆ ದಿನ. ನಮ್ಮಲ್ಲಿ ಮಗ್ಗಕ್ಕೆ ರಜೆ ಅಂದರೆ ಅಮಾವಾಸ್ಯೆ, ಭಾನುವಾರ ಅಲ್ಲ. ಹೊಸಕೋಟೆಯವರು, ದೊಡ್ಡಬೆಳವಂಗಲದವರು ಆ ದಿನ ಊರು ಬಿಟ್ಟು ಹೊರಡಲು ಹಿಂದೆಮುಂದೆ ನೋಡುತ್ತಿದ್ದರು. ಅವರ ಮನೆಯ ಹೆಂಗಸರು ನಿಂಬೆಹಣ್ಣು ಕೊಟ್ಟು ಕಳಿಸುತ್ತಿದ್ದರಂತೆ. ಬಂದವರು ಜೇಬಿನಲ್ಲಿ ನಿಂಬೆಹಣ್ಣು ಇಟ್ಟುಕೊಂಡು ಓಡುವುದನ್ನು ನೋಡಿ ನಾವು ಏರಿ ಮೇಲೆ ಕೂತು ನಗುತ್ತಿದ್ದೆವು. ಆಮೇಲೆ ಆ ನಗು ನಮ್ಮ ಬಾಯಲ್ಲಿ ಬಹಳ ದಿನ ಉಳಿಯಲಿಲ್ಲ.

ಎಡಗಡೆಯ ಅಂಚಿನಲ್ಲಿ ಆಡುತ್ತಿದ್ದವನು ನನ್ನ ಅಣ್ಣ. ಅವನ ಆಟದ ಬಗ್ಗೆ ಸುಳ್ಳು ಹೇಳುವುದಿಲ್ಲ. ಓಟದಲ್ಲಿ ಅವನನ್ನು ಹಿಡಿಯುವವರು ನಾಲ್ಕು ತಾಲ್ಲೂಕಿನಲ್ಲಿ ಇರಲಿಲ್ಲ, ಆದರೆ ಗೋಲಿನ ಮುಂದೆ ಹೋದ ಮೇಲೆ ತಲೆ ಓಡುತ್ತಿರಲಿಲ್ಲ. ಅವನ ಬಲಗಾಲು ಇದ್ದದ್ದು ನಿಂತುಕೊಳ್ಳುವುದಕ್ಕೆ ಮಾತ್ರ. ಇದನ್ನು ಅವನ ಮುಖಕ್ಕೇ ಹೇಳುತ್ತಿದ್ದೆ. "ಲೇ, ನೀನೇ ಬಂದು ಆಡು ಹೋಗೇ, ನಾನು ಕಂಡಿಕೆ ಸುತ್ಕೊಂಡ್ ಕೂತಿರ್ತೀನಿ" ಅನ್ನುತ್ತಿದ್ದ. ಲಾಳಿಯೊಳಗೆ ಕೂರಿಸುವ ನೂಲಿನ ಕಂಡಿಕೆ ಸುತ್ತುವುದು ನನ್ನ ಮತ್ತು ಅಮ್ಮನ ಕೆಲಸವಾಗಿತ್ತು.

ಅಮ್ಮ ಒಂದು ದಿನವೂ ಮೈದಾನಕ್ಕೆ ಬಂದವಳಲ್ಲ. ಅಮಾವಾಸ್ಯೆ ದಿನ ಮಗ್ಗಕ್ಕೆ ರಜೆ, ಅವಳಿಗೆ ಎಲ್ಲಿಯ ರಜೆ? ಮನೆ ಸಾರಿಸಬೇಕು, ಮಗ್ಗದ ಧೂಳು ಹೊಡೆಯಬೇಕು, ಪೂಜೆ ಮಾಡಬೇಕು. ಅಣ್ಣ ಕೆಸರು ಮೆತ್ತಿಕೊಂಡು ಬಂದರೆ ಬಾಗಿಲಲ್ಲೇ ನಿಲ್ಲಿಸಿ ಮಂಗಳಾರತಿ ಎತ್ತುತ್ತಿದ್ದಳು. ಆಮೇಲೆ ಬಿಸಿನೀರು ಕಾಯಿಸಿ ಕೊಡುತ್ತಿದ್ದಳು.

ಮನೆಯಲ್ಲಿ ಎರಡು ಮಗ್ಗ. ಬಾಗಿಲ ಹತ್ತಿರದ್ದು ಅಪ್ಪನದು, ಒಳಗಿನ ಕಿಟಕಿ ಪಕ್ಕದ್ದು ಅಣ್ಣನದು. ಎರಡಕ್ಕೂ ಬೇರೆ ಬೇರೆ ಸದ್ದು. ಅಣ್ಣನ ಮಗ್ಗದ ಒಂದು ಬದಿಯಲ್ಲಿ ಏನೋ ಸಡಿಲವಾಗಿತ್ತು, ಪ್ರತಿ ಏಟಿನ ಜೊತೆಗೆ ಇನ್ನೊಂದು ಸಣ್ಣ ಏಟು ಬೀಳುತ್ತಿತ್ತು. ಅಮ್ಮ ಅಡುಗೆಮನೆಯಲ್ಲಿದ್ದುಕೊಂಡೇ ಯಾವ ಮಗ್ಗ ಓಡುತ್ತಿದೆ, ಯಾವುದು ನಿಂತಿದೆ ಅಂತ ಹೇಳುತ್ತಿದ್ದಳು.

ತೊಂಬತ್ತರ ದಶಕ ಶುರುವಾದ ಹೊಸತರಲ್ಲಿ ಅಣ್ಣನಿಗೆ ಕಾಮಾಲೆ ಬಂತು. ಸಾಸಲು ಕಡೆಯ ಹಳ್ಳಿಯೊಂದರಲ್ಲಿ ಸೊಪ್ಪಿನ ರಸ ಕೊಡುತ್ತಾರೆ ಅಂದರು, ಅಲ್ಲಿಗೆ ಕರೆದುಕೊಂಡು ಹೋದೆವು. ಆಮೇಲೆ ಬೆಂಗಳೂರಿನ ಆಸ್ಪತ್ರೆಗೂ ಸೇರಿಸಿದೆವು. ಕಣ್ಣಿನ ಹಳದಿ ಇಳಿಯಲಿಲ್ಲ. ಅವನ ಮದುವೆಗೆ ಹೆಣ್ಣು ನೋಡುತ್ತಿದ್ದ ನಮ್ಮ ಮನೆಯಿಂದ ಅವನನ್ನು ಹೊತ್ತುಕೊಂಡು ಹೋದರು. ಹೆಗಲು ಕೊಟ್ಟವರು ಕ್ಲಬ್ಬಿನವರೇ.

ನೇಯುವವನು ಸತ್ತರೆ ಅವನ ಮಗ್ಗದಲ್ಲಿ ಅರ್ಧಕ್ಕೆ ನಿಂತ ಸೀರೆಯನ್ನು ನಮ್ಮ ಬೀದಿಯಲ್ಲಿ ಕತ್ತರಿಸಿ ತೆಗೆಯುವುದಿಲ್ಲ. ತಿಥಿ ಕಾರ್ಯ ಮುಗಿದ ಮೇಲೆ ಮನೆಯವರು ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟು ಅದೇ ಸೀರೆಯನ್ನು ಮುಂದುವರಿಸಬೇಕು. ಎಷ್ಟು ಹುಷಾರಾಗಿ ಶುರು ಮಾಡಿದರೂ ಮಗ್ಗ ನಿಂತ ಕಡೆ ಬಟ್ಟೆಗೆ ಅಡ್ಡಲಾಗಿ ಒಂದು ಗೆರೆ ಬೀಳುತ್ತದೆ. ಈಚೆಗಿನದು ಸತ್ತವನ ಕೈ, ಆಚೆಗಿನದು ಉಳಿದವರ ಕೈ. ಅಲ್ಲಿಗೆ ಅವನ ಕೆಲಸ ಮುಗಿಯಿತು, ಅವನಿಗೆ ಬಿಡುಗಡೆ ಅಂತ ಲೆಕ್ಕ.

ಅಮ್ಮ ಮಗ್ಗ ಮುಟ್ಟಲು ಬಿಡಲಿಲ್ಲ. ಕಾರ್ಯ ಮುಗಿಯಿತು, ನೆಂಟರು ಹೋದರು, ಸೀರೆ ಹಾಗೇ ಇತ್ತು. ಅದರ ಮೇಲೆ ಅಣ್ಣನ ಹಳೆಯ ಪಂಚೆ ಹೊದಿಸಿಟ್ಟಳು. ಅಪ್ಪ ತನ್ನ ಮಗ್ಗದಲ್ಲಿ ನೇಯುತ್ತಿದ್ದ, ಪಕ್ಕಕ್ಕೆ ತಿರುಗಿ ನೋಡುತ್ತಿರಲಿಲ್ಲ.

ಕಾರಣ ನನಗೆ ಗೊತ್ತಾದದ್ದು ಒಂದು ಮಧ್ಯಾಹ್ನ ಕರೆಂಟ್ ಹೋದಾಗ. ಇಡೀ ಬೀದಿ ಒಮ್ಮೆಗೇ ನಿಂತುಹೋಗುವ ಆ ಗಳಿಗೆಯಲ್ಲಿ ನಮ್ಮೂರಿನ ಎಲ್ಲರ ಕಿವಿಯಲ್ಲೂ ಸ್ವಲ್ಪ ಹೊತ್ತು ಸದ್ದು ಉಳಿದುಕೊಂಡಿರುತ್ತದೆ. ಅದು ಹೊಸದೇನಲ್ಲ. ಅಮ್ಮ ಕೈಯಲ್ಲಿದ್ದ ನೂಲು ಬಿಟ್ಟು ತಲೆ ಎತ್ತಿದಳು.

"ಕೇಳಿಸ್ತಾ?" ಅಂದಳು. "ಒಳಗಿನ್ ಮಗ್ಗ ಓಡ್ತಾ ಇದೆ."

"ಕರೆಂಟೇ ಇಲ್ವಲ್ಲಮ್ಮ."

"ಅದಕ್ಕೇ ಹೇಳ್ತಿರೋದು. ಅವನ್ದು ಬಿಟ್ರೆ ಬೇರೆ ಸದ್ದಿಲ್ಲ ನೋಡು. ಮಗ್ಗ ನಾವು ಹಾಕ್ಬಿಟ್ರೆ ಅವನು ಹೊರಟ್ಹೋಗ್ತಾನೆ."

ಅವಳಿಗೆ ಭ್ರಮೆ ಅಂದುಕೊಳ್ಳಬಹುದಿತ್ತು. ಆದರೆ ನಾನೂ ಉಸಿರು ಬಿಗಿಹಿಡಿದು ಕೇಳಿದೆ. ಸುಳ್ಳು ಯಾಕೆ ಹೇಳಲಿ, ನನಗೂ ಕೇಳಿಸಿತು. ಒಂದು ಏಟು, ಅದರ ಬೆನ್ನಿಗೇ ಆ ಸಣ್ಣ ಏಟು. ಪಂಚೆ ಹೊದ್ದ ಮಗ್ಗ ಕಿಟಕಿಯ ಬೆಳಕಿನಲ್ಲಿ ಅಲ್ಲಾಡದೆ ನಿಂತಿತ್ತು. ನಾನು ಗೋಡೆಗೆ ಸರಿದು ಕೂತೆ. ಅಮ್ಮನ ಮುಖದಲ್ಲಿ ಮಾತ್ರ ಎಷ್ಟೋ ದಿನದಿಂದ ಇಲ್ಲದ ಗೆಲುವು ಇತ್ತು. ಅವತ್ತಿನಿಂದ ಕರೆಂಟ್ ಹೋಗುವುದನ್ನೇ ಅವಳು ಕಾಯುತ್ತಿದ್ದಳು, ಅವಳ ಜೊತೆ ನಾನೂ ಕಾಯುತ್ತಿದ್ದೆ.

ಮಗ್ಗ ನಿಂತದ್ದು ಕ್ಲಬ್ಬಿಗೂ ತಟ್ಟಿತು. ಕ್ಯಾಪ್ಟನ್ ಪಕ್ಕದ ಬೀದಿಯವರು, ಅಪ್ಪನಿಗಿಂತ ಸ್ವಲ್ಪ ಚಿಕ್ಕವರು. ಅಣ್ಣನ ಮಗ್ಗ ಶುರುವಾಗುವ ತನಕ ಅವನ ಜಾಗಕ್ಕೆ ಇನ್ನೊಬ್ಬನನ್ನು ನಿಲ್ಲಿಸುವುದಿಲ್ಲ ಅಂದರು. ಬೇರೆ ಊರಿನ ಯಾವ ಕ್ಲಬ್ಬೂ ಇಂಥ ದಡ್ಡತನ ಮಾಡುತ್ತಿರಲಿಲ್ಲ. ನೇಯುವವರ ತಲೆಗೆ ಮಾತ್ರ ಹೊಳೆಯುವ ಯೋಚನೆ ಅದು. ಸತ್ತವನ ಸೀರೆ ಕತ್ತರಿಸಬಾರದು ಅಂದರೆ ಸತ್ತವನ ಜಾಗವನ್ನೂ ಮುಟ್ಟಬಾರದು. ಹತ್ತು ಜನರೂ ತಲೆಯಾಡಿಸಿದರು, ಏರಿ ಮೇಲೆ ಕೂತಿದ್ದ ನಾವೂ ತಲೆಯಾಡಿಸಿದೆವು.

ಮೊದಲ ಅಮಾವಾಸ್ಯೆಯ ಮ್ಯಾಚಿನಲ್ಲಿ ರೆಫರಿ ತಲೆ ಎಣಿಸಿ, "ಇನ್ನೊಬ್ರು ಎಲ್ಲಪ್ಪಾ?" ಅಂತ ಕೇಳಿದರು.

"ಬರ್ತಾನೆ ಸಾರ್. ನೀವು ಶುರು ಮಾಡಿ" ಅಂದರು ಕ್ಯಾಪ್ಟನ್.

ಆ ಮಾತು ಕೇಳಿ ನಾನು ಬೀದಿಯ ಕಡೆ ತಿರುಗಿ ನೋಡಿದೆ. ನಾನೊಬ್ಬಳೇ ಅಲ್ಲ, ಏರಿ ಮೇಲಿದ್ದ ಬಹಳ ಜನ ತಿರುಗಿ ನೋಡಿದರು.

ಆಟ ಶುರುವಾದ ಮೇಲೆ ಇನ್ನೊಂದು ಸಂಕಟ. ವರ್ಷಗಟ್ಟಲೆ ಕಾಲಿಗೆ ಆದ ಅಭ್ಯಾಸ, ನಮ್ಮವರು ಚೆಂಡು ಸಿಕ್ಕ ಕೂಡಲೇ ನೋಡದೆ ಎಡಗಡೆಗೆ ಕಳಿಸಿಬಿಡುತ್ತಿದ್ದರು. ಅಣ್ಣ ಓಡಿ ಹಿಡಿಯುತ್ತಿದ್ದ ಅದೇ ಲೆಕ್ಕದಲ್ಲಿ, ಅವನಿಗಿಂತ ನಾಲ್ಕು ಮಾರು ಮುಂದಕ್ಕೆ. ಚೆಂಡು ಖಾಲಿ ನೆಲದ ಮೇಲೆ ಉರುಳಿಕೊಂಡು ಗೆರೆ ದಾಟುತ್ತಿತ್ತು. ಕಳಿಸಿದವನು ಒಂದು ಕ್ಷಣ ಆ ಕಡೆ ನೋಡಿ ತಲೆ ತಗ್ಗಿಸುತ್ತಿದ್ದ. ನಾವು ಯಾರೂ ಬೈಯುತ್ತಿರಲಿಲ್ಲ. ಚಳಿಗಾಲ ಬಂದು ಹೋಯಿತು, ಬೇಸಿಗೆ ಬಂತು, ಸೋತದ್ದೇ ಸೋತದ್ದು. ಕೊನೆಗೆ ಹೊಸಕೋಟೆಯವರು, ಹತ್ತು ಜನರನ್ನು ಸೋಲಿಸಿ ನಮಗೇನು ಬರಬೇಕು, ಇನ್ನು ಮೇಲೆ ಕರೆಯಬೇಡಿ ಅಂತ ಹೇಳಿ ಕಳಿಸಿದರು. ದೇವನಹಳ್ಳಿಯವರದೂ ಅದೇ ರಾಗ, ಇದೊಂದು ಮ್ಯಾಚಿಗೆ ಬರುತ್ತೇವೆ, ಆಮೇಲೆ ಇಲ್ಲ ಅಂದರು.

ಕ್ಯಾಪ್ಟನ್ ನಮ್ಮ ಮನೆಗೆ ಬಂದು ಹೊಸ್ತಿಲ ಹತ್ತಿರ ಕೂತರು. ಅಮ್ಮ ನೀರು ಕೊಟ್ಟಳು.

"ಅಕ್ಕಾ, ಕ್ಲಬ್ಬು ಮುಚ್ಚೋಗೋ ಹಂಗಿದೆ. ಮಗ್ಗ ಶುರು ಮಾಡ್ಸಿ ಅಂತ ನಾನ್ ಹೇಳಲ್ಲ. ಒಂದ್ಸಲ ಬಂದು ನೋಡಿ, ಸಾಕು."

"ನೋಡೋಕೆ ಅಲ್ಲಿ ಏನಿದೆ ಕಣಪ್ಪಾ? ಅವನು ಮನೇಲಿದಾನೆ" ಅಂದಳು ಅಮ್ಮ. ಕ್ಯಾಪ್ಟನ್ ಲೋಟ ಕೆಳಗಿಟ್ಟು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ತಿರುಗಿದೆ.

ಹಾಗೆ ಅಂದವಳು ಮುಂದಿನ ಅಮಾವಾಸ್ಯೆ ದಿನ ಪೂಜೆ ಮುಗಿಸಿ, ಸೆರಗು ಸಿಕ್ಕಿಸಿಕೊಂಡು, ನನ್ನ ಹಿಂದೆಯೇ ಹೊರಟುಬಿಟ್ಟಳು. ಏರಿ ಮೇಲಿದ್ದವರು ಸರಿದು ಜಾಗ ಮಾಡಿಕೊಟ್ಟರು. "ಅವನು ಎಲ್ಲಿ ನಿಲ್ತಿದ್ದ?" ಅಂತ ಕೇಳಿದಳು. ನಾವು ಕೂತ ಕಡೆಯೇ, ಏರಿಯ ಬುಡದಲ್ಲೇ ಆ ಅಂಚು. ಕೈ ಮಾಡಿ ತೋರಿಸಿದೆ. ಅವಳು ಆಟ ನೋಡಲಿಲ್ಲ, ಆ ಜಾಗವನ್ನೇ ನೋಡುತ್ತಾ ಕೂತಳು. ಚೆಂಡು ಒಂದು ಸಲ ಬಂದು ಗೆರೆ ದಾಟಿತು. ಇನ್ನೊಂದು ಸಲ ಬಂತು, ದಾಟಿತು.

ಮೂರನೆಯದು ದಾಟಲಿಲ್ಲ. ಕೆರೆಯ ನೀರು ಜಿನುಗಿ ಅಲ್ಲಿ ನೆಲ ಮೆತ್ತಗಿತ್ತು, ಅದಕ್ಕೇ ಇರಬೇಕು. ಉರುಳಿ ಬಂದ ಚೆಂಡು ಗೆರೆಗೆ ಇನ್ನೂ ಒಂದು ಗೇಣು ಇರುವಾಗಲೇ, ಅಣ್ಣ ಕಾಲಲ್ಲಿ ತಡೆದು ನಿಲ್ಲಿಸುತ್ತಿದ್ದ ಹಾಗೆ, ನಿಂತಿತು. ನಮ್ಮ ಹತ್ತು ಜನರೂ ನಿಂತರು. ದೇವನಹಳ್ಳಿಯವರೂ ಹತ್ತಿರ ಹೋಗಲಿಲ್ಲ. ಅವರಲ್ಲೊಬ್ಬ ಜೇಬಿನ ನಿಂಬೆಹಣ್ಣು ಮುಟ್ಟಿಕೊಂಡು ಪಕ್ಕದವನಿಗೆ ಏನೋ ಪಿಸುಗುಟ್ಟಿದ. ಅಷ್ಟು ದೂರಕ್ಕೆ ಯಾರಿಗೂ ಕೇಳಿಸುವುದು ಸಾಧ್ಯವಿರಲಿಲ್ಲ. ಆದರೆ ಅಮ್ಮನಿಗೆ ಕಿವಿ ಬೇಕಿರಲಿಲ್ಲ, ಅವಳು ಅವನ ತುಟಿ ಓದಿದಳು. ನಾನೂ ಓದಿದೆ. "ದೆವ್ವಕ್ಕೆ ಪಾಸ್ ಕೊಡ್ತಾರೆ ಕಣೋ" ಅಂದಿದ್ದ.

ಅಮ್ಮ ಎದ್ದು ಏರಿ ಇಳಿದಳು. ನಾನು ಹಿಂದೆ ಓಡಿದೆ. ಅವಳು ನೇರ ಚೆಂಡಿನ ಹತ್ತಿರ ಹೋಗಿ ನಿಂತಳು. ರೆಫರಿ ಸೀಟಿ ಊದಿದರು, ಯಾರೂ ಕದಲಲಿಲ್ಲ. ಕ್ಯಾಪ್ಟನ್ ಬಂದು ಅವಳ ಮುಂದೆ ನಿಂತರು.

"ಇಲ್ಲಿಂದ ಎಲ್ಲೀವರೆಗೂ ಓಡ್ತಿದ್ದ?" ಅಂತ ಅಮ್ಮ ಕೇಳಿದಳು.

ಅವರು ದೂರದ ಮೂಲೆಯ ಬಾವುಟ ತೋರಿಸಿದರು.

"ಅಷ್ಟು ದೂರಾನಾ?"

"ಹೂಂ ಅಕ್ಕಾ. ಹೊತ್ತು ಮುಳುಗೋವರ್ಗೂ ಓಡ್ತಿದ್ದ."

ಅಮ್ಮ ಆ ಬಾವುಟವನ್ನೇ ನೋಡುತ್ತಾ ನಿಂತಳು. "ನಾನು ಒಂದಿನಾನೂ ಬಂದು ನೋಡ್ಲಿಲ್ಲ" ಅಂದಳು. ಕ್ಯಾಪ್ಟನ್ ಕಣ್ಣು ಒರೆಸಿಕೊಂಡರು. ಆಮೇಲೆ ಅವಳೇ, "ಇಲ್ಲಿ ಒಬ್ಬನ್ನ ನಿಲ್ಸಪ್ಪಾ. ನಾಳೆ ನಾನು ಮಗ್ಗ ಹಾಕ್ತೀನಿ. ಕಂಡೋರ ಬಾಯಲ್ಲಿ ದೆವ್ವ ಅನ್ನಿಸ್ಕೊಳ್ಳೋಕೆ ಹೆತ್ತಿಲ್ಲ ನಾನು ಅವನ್ನ" ಅಂದಳು.

ಜಾಗ ಸಿಕ್ಕರೆ ಆಡೋಣ ಅಂತ ಗೆರೆಯಾಚೆ ಕಾಯುತ್ತಾ ಕೂತಿದ್ದ ಹುಡುಗರಲ್ಲಿ ಒಬ್ಬ ಅಂಗಿ ಬದಲಾಯಿಸಿಕೊಂಡು ಬಂದು ಆ ಜಾಗದಲ್ಲಿ ನಿಂತ. ಅವನಿಗೆ ಕಳಿಸಿದ ಚೆಂಡೆಲ್ಲ ಅವನ ಮುಂದಿನಿಂದಲೇ ಹೋಗಿ ಗೆರೆ ದಾಟಿತು, ಅವನು ಅಷ್ಟು ಬೇಗ ಓಡುವವನಲ್ಲ. ಆ ಮ್ಯಾಚನ್ನೂ ಸೋತೆವು. ದೇವನಹಳ್ಳಿಯವರು ಹೋಗುವಾಗ ಮುಂದಿನ ತಿಂಗಳು ಬರುತ್ತೇವೆ ಅಂದರು. ಕ್ಲಬ್ಬು ಉಳಿಯಿತು. ಸಂತೋಷಪಡಬೇಕಿತ್ತು ನಾನು. ಆ ಹೊಸಬನನ್ನು ಕಂಡರೆ ಮಾತ್ರ ನನಗೆ ಸಿಟ್ಟು ಬರುತ್ತಿತ್ತು, ಪಾಪ, ಅವನ ತಪ್ಪೇನೂ ಇರಲಿಲ್ಲ.

ಮರುದಿನ ಬೆಳಗ್ಗೆ ಅಮ್ಮ ತಲೆಗೆ ಸ್ನಾನ ಮಾಡಿ, ಪಂಚೆ ತೆಗೆದು ಮಡಿಸಿ, ಮಗ್ಗಕ್ಕೆ ಅರಿಶಿನ ಕುಂಕುಮ ಇಟ್ಟಳು. ಅಪ್ಪ ತನ್ನ ಮಗ್ಗ ನಿಲ್ಲಿಸಿ ಎದ್ದು ನಿಂತ. ನಾನು ಹೊಸ ಕಂಡಿಕೆ ಹಾಕಿದ ಲಾಳಿ ಕೊಟ್ಟೆ. ಅಣ್ಣ ನೇಯ್ದ ಕೊನೆಯ ಅಂಚಿನ ಮೇಲೆ ಒಂದು ಸಲ ಅಂಗೈ ಇಟ್ಟು, ಅಮ್ಮ ಸ್ವಿಚ್ ಒತ್ತಿದಳು. ಮಗ್ಗ ನಡುಗಿ ಶುರುವಾಯಿತು. ಅಡ್ಡ ಗೆರೆ ಬಿತ್ತು, ಬಟ್ಟೆ ನಿಧಾನವಾಗಿ ಮುಂದಕ್ಕೆ ಸರಿಯಿತು. ಸಡಿಲವಾಗಿದ್ದದ್ದನ್ನು ಅಪ್ಪ ಬಿಗಿ ಮಾಡಲು ಹೋದಾಗ ಅವಳು ಬೇಡ ಅಂತ ತುಟಿ ಆಡಿಸಿದಳು.

ಮಧ್ಯಾಹ್ನ ಊಟದ ಹೊತ್ತಿಗೆ ಕರೆಂಟ್ ಹೋಯಿತು. ಬೀದಿಯೆಲ್ಲ ನಿಂತಿತು. ಅಮ್ಮ ಮಗ್ಗದ ಮುಂದೆಯೇ ಕೂತಿದ್ದಳು, ಎರಡು ಕೈಯೂ ಬಟ್ಟೆಯ ಮೇಲಿದ್ದವು. ನಾನು ಅವಳ ಪಕ್ಕ ಹೋಗಿ ಕೂತೆ. ಕಿವಿಯೊಳಗೆ ಬೀದಿಯ ಸದ್ದು ಸ್ವಲ್ಪ ಹೊತ್ತು ಇತ್ತು, ಆಮೇಲೆ ಅದೂ ಇಳಿಯಿತು. ಇಬ್ಬರೂ ಉಸಿರು ಬಿಡದೆ ಕೇಳಿದೆವು. ಹಿತ್ತಲಲ್ಲಿ ಯಾರೋ ಕೊಡ ಇಟ್ಟರು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು.

"ಕೇಳಿಸ್ತಾ?" ಅಂದಳು.

ಹೌದು ಅಂದುಬಿಡಬೇಕು ಅನ್ನಿಸಿತು. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು.

"ಇಲ್ಲಮ್ಮ."

"ಹೋದ ಕಣೇ" ಅಂದಳು ಅಮ್ಮ. ಅವನು ತೀರಿಕೊಂಡ ದಿನ ಅಳದಿದ್ದವಳು ಅವತ್ತು ಅತ್ತಳು.