ಷಡ್ಡಕನ ಸ್ಕೋಪು

ನನ್ನ ಷಡ್ಡಕ ಔಷಧಿ ಅಂಗಡಿಯಲ್ಲಿ ಮಾತ್ರೆ ಎಣಿಸುವವನು. ಹೆಂಡತಿಯ ತಂಗಿಯ ಗಂಡ ಎಂಬ ಒಂದೇ ಕಾರಣಕ್ಕೆ ಹದಿನಾಲ್ಕು ವರ್ಷದಿಂದ ಅವನನ್ನು ಸಹಿಸಿಕೊಂಡು ಬಂದಿದ್ದೇನೆ. ಬೈಯೋಣವೆಂದರೆ ಒಂದು ಕಾರಣವನ್ನೂ ಕೊಡದ ಮನುಷ್ಯ. ದನಿ ಏರಿಸುವುದಿಲ್ಲ, ಅತ್ತೆಯ ಮಂಡಿನೋವಿಗೆ ತಾನೇ ಮುಲಾಮು ತಂದುಕೊಡುತ್ತಾನೆ. ಅತ್ತೆಯ ಬಾಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಚಿಕ್ಕಳಿಯನದೇ ಜಪ. ದೊಡ್ಡಳಿಯ ಇದ್ದಾನೋ ಇಲ್ಲವೋ ಕೇಳುವವರಿಲ್ಲ.

ನಾನು ಫೋಟೋಗಳಿಗೆ ಕಟ್ಟು ಹಾಕುವವನು. ಅಂಗಡಿಯ ತುಂಬ ಬೇರೆಯವರ ಮದುವೆ, ಬೇರೆಯವರ ಪದವಿ. ಗೋಡೆಯ ನಡುವೆ ಮಾತ್ರ ನನ್ನದೊಂದು ಆಸ್ತಿ: ಗುರಿ ಹೊಡೆದ ರಟ್ಟು, ನೂರಕ್ಕೆ ತೊಂಬತ್ತಾರು. ನಮ್ಮ ಏರ್‌ಗನ್ ಕ್ಲಬ್ಬಿನಲ್ಲಿ ಒಂಬತ್ತು ವರ್ಷದಿಂದ ಅದನ್ನು ಯಾರೂ ದಾಟಿರಲಿಲ್ಲ. ಹೊಡೆದದ್ದೂ ಕ್ಲಬ್ಬಿನ ಹಳೇ ಗನ್ನಿನಲ್ಲಿ. ಗಿರಾಕಿಗಳು ಕೇಳಿದರೆ ಅದರ ಕಥೆ ಹೇಳುತ್ತಿದ್ದೆ, ಕೇಳದಿದ್ದರೂ ಹೇಳುತ್ತಿದ್ದೆ.

ಹೋದ ವರ್ಷ ಷಡ್ಡಕನೂ ಕ್ಲಬ್ಬು ಸೇರಿದ. ಆರು ತಿಂಗಳಾಗುವಷ್ಟರಲ್ಲಿ ಹೊಸ ಸ್ಪ್ರಿಂಗ್ ಏರ್ ರೈಫಲ್ ಕೊಂಡು, ನೇರ ನನ್ನ ಮೇಜಿನ ಮೇಲೆ ತಂದಿಟ್ಟ. ನುಣುಪು ಮರದ ಹಿಡಿ, ಎಣ್ಣೆ ಹಾಕಿದ ನಳಿಗೆ. ಅಂಥದ್ದೊಂದು ಕೊಳ್ಳಬೇಕೆಂದು ನಾನು ಆಸೆಪಡಲು ಶುರುಮಾಡಿದಾಗ ಇವನಿಗೆ ಮೀಸೆಯೂ ಬಂದಿರಲಿಲ್ಲ.

"ಭಾವ, ಇದಕ್ಕೆ ಬೇಕಾದ ಸಾಮಾನು ಆರಿಸೋಕೆ ನೀವೇ ಬರ್ಬೇಕು. ನಂಗೇನೂ ಗೊತ್ತಾಗಲ್ಲ."

"ಬರ್ತೀನಿ ಬಿಡಪ್ಪ," ಎಂದೆ. ಗನ್ನಿನ ಹಿಡಿಯ ಮೇಲಿಂದ ಕೈ ತೆಗೆಯಲು ಮಾತ್ರ ಮನಸ್ಸು ಬರಲಿಲ್ಲ.

ಬಂದೂಕಿನ ಸಾಮಾನಿನ ಅಂಗಡಿಯಲ್ಲಿ ಮೆತ್ತೆಯಿರುವ ಚೀಲ ಕೊಂಡ, ನಳಿಗೆ ಒರೆಸುವ ಕೋಲು ಕೊಂಡ. ಆಮೇಲೆ ಮೊಣಕೈಯುದ್ದದ, ಫಳಫಳ ಹೊಳೆಯುವ ಸ್ಕೋಪೊಂದನ್ನು, ಗನ್ನಿನ ಮೇಲೆ ಕೂರಿಸಿ ಗುರಿ ನೋಡುವ ದುರ್ಬೀನನ್ನು, ಎತ್ತಿಕೊಂಡ. ಡಬ್ಬಿ ನೋಡಿದ ಕೂಡಲೇ ನನಗೆ ಗೊತ್ತಾಯಿತು, ಅದು ಸಿಡಿಮದ್ದಿನ ಬಂದೂಕಿನದು. ಆ ಬಂದೂಕುಗಳು ಹೊಡೆದಾಗ ಹಿಂದಕ್ಕೆ ಮಾತ್ರ ಒದೆಯುತ್ತವೆ. ಸ್ಪ್ರಿಂಗ್ ಗನ್ನು ಹಿಂದಕ್ಕೊಮ್ಮೆ ಒದ್ದು, ತಕ್ಷಣ ಮುಂದಕ್ಕೂ ಒದೆಯುತ್ತದೆ. ಅದಕ್ಕೆಂದೇ ಮಾಡಿದ ಸ್ಕೋಪು ಹಾಕದಿದ್ದರೆ ಒಳಗಿನದೆಲ್ಲ ಸಡಿಲವಾಗುತ್ತದೆ.

"ಇದು ಹೇಗಿದೆ ಭಾವ?"

"ನೋಡೋಕೆ ಚೆನ್ನಾಗಿದೆ," ಎಂದೆ. ಅದೇನು ಸುಳ್ಳಲ್ಲವಲ್ಲ.

ಗನ್ನಿಗೆ ಹಾಕುವ ಪುಟ್ಟ ಗುಂಡು, ಪೆಲೆಟ್, ಆರಿಸುವಾಗ ಮಾತ್ರ ಮನಸ್ಸು ಚುಚ್ಚಿತು. "ನಾಲ್ಕು ತರದ್ದು ತಗೋ. ಒಂದೊಂದರಲ್ಲೂ ಹತ್ತು ಹೊಡಿ. ನಿನ್ನ ನಳಿಗೆಗೆ ಯಾವುದು ಒಗ್ಗುತ್ತೋ ಅದನ್ನೇ ಇಟ್ಕೋ," ಎಂದು ನಿಜ ಹೇಳಿದೆ. ಅವನು ಚೀಟಿಯಲ್ಲಿ ಬರೆದುಕೊಂಡ.

ಮುಂದಿನ ಭಾನುವಾರ ಕ್ಲಬ್ಬಿಗೆ ಮಾತ್ರೆ ಎಣಿಸುವ ತಟ್ಟೆಯನ್ನೇ ಹೊತ್ತು ತಂದ. ಸೀಸದ ಪೆಲೆಟ್‌ಗಳನ್ನು ಅದರಲ್ಲಿ ಸುರಿದು, ಅಂಚು ನೆಗ್ಗಿದ್ದನ್ನು ಚಪ್ಪಟೆ ಚಾಕುವಿನಿಂದ ಒಂದೊಂದಾಗಿ ಪಕ್ಕಕ್ಕೆ ಸರಿಸತೊಡಗಿದ. ಎಲ್ಲರೂ ನಕ್ಕರು, ನಾನು ಎಲ್ಲರಿಗಿಂತ ಜೋರಾಗಿ. ನಾನಾದರೋ ಜೇಬಿಗೆ ಒಂದು ಹಿಡಿ ತುಂಬಿಕೊಂಡು ಹೊಡೆಯುವವನು.

ಮೂರೇ ವಾರಕ್ಕೆ ಸ್ಕೋಪಿನೊಳಗಿನ ಗುರಿ ತೋರಿಸುವ ಗೆರೆ ವಾಲಿತು. ಹಾಲು ಕುಡಿದಷ್ಟು ಸಂತೋಷವಾಯಿತು ನನಗೆ. ಅವನು ಗೊಣಗಲಿಲ್ಲ. ಅದನ್ನು ಬಿಚ್ಚಿಟ್ಟು, ಗನ್ನಿನ ಜೊತೆಗೇ ಬಂದಿದ್ದ ಕಬ್ಬಿಣದ ಗುರಿಮೊನೆ ನೋಡಿಕೊಂಡು ಹೊಡೆಯಲು ಕೂತ. ಅಲ್ಲಿಯವರೆಗೆ ಸ್ಕೋಪಿನಲ್ಲಿ ತನ್ನ ಕೈನಡುಕ ದೊಡ್ಡದಾಗಿ ಕಂಡು, ಹೆದರಿ ಗನ್ನನ್ನು ಹಿಸುಕಿ ಹಿಡಿಯುತ್ತಿದ್ದ. ಸ್ಪ್ರಿಂಗ್ ಗನ್ನನ್ನು ಹಿಸುಕಿದರೆ ಗುರಿ ತಪ್ಪುತ್ತದೆ. ಈಗ ನಡುಕವೇ ಕಾಣುತ್ತಿರಲಿಲ್ಲ. ಮಲಗಿದ ಮಗುವನ್ನು ಎತ್ತಿಕೊಂಡಂತೆ ಹಗುರವಾಗಿ ಹಿಡಿಯತೊಡಗಿದ. ಎಂಬತ್ತೆಂಟು ಬಂತು. ಆಮೇಲೆ ತೊಂಬತ್ಮೂರು.

"ಯಾಕೆ ಊಟ ಸೇರ್ತಿಲ್ಲ? ಒಳಗೆ ಆಗ್ಲೇ ಏನೋ ಬೇಯ್ತಾ ಇದೆಯಾ?" ಎಂದಳು ನನ್ನವಳು. ಅವಳಿಗೆ ಎಲ್ಲ ಗೊತ್ತಾಗುತ್ತದೆ.

ವರ್ಷದ ಸ್ಪರ್ಧೆಯಲ್ಲಿ ನನಗೆ ತೊಂಬತ್ತೊಂದು. ಅವನಿಗೆ ತೊಂಬತ್ತೆಂಟು.

ಮರುದಿನ ಬೆಳಿಗ್ಗೆ ಆ ರಟ್ಟು ಹಿಡಿದು ಅಂಗಡಿಗೆ ಬಂದ. "ಕಟ್ಟು ಹಾಕ್ಕೊಡಿ ಭಾವ. ಆದ್ರೆ ಇದು ಇಲ್ಲೇ ಇರ್ಲಿ, ನಿಮ್ಮದರ ಪಕ್ಕ."

"ಆ ಸ್ಕೋಪು..." ಎಂದೆ. ಯಾಕೆ ಬಾಯಿಗೆ ಬಂತೋ!

"ಅಯ್ಯೋ, ಕೆಟ್ಟಿದ್ದನ್ನ ತೋರಿಸೋಕೆ ಹೋದಾಗ ಅಂಗಡಿಯವ್ರೂ ಕೇಳಿದ್ರು, ಅದು ಬೇರೆ ಬಂದೂಕಿಂದು, ನಿಮ್ಮ ಭಾವ ಹೇಳ್ಲಿಲ್ವಾ ಅಂತ. ನಮ್ಮ ಭಾವಂಗೆ ಗೊತ್ತಿಲ್ದೆ ಇರುತ್ತಾ, ನಾನು ಬರಿಗಣ್ಣಲ್ಲಿ ಕಲೀಲಿ ಅಂತಾನೇ ಸುಮ್ನಿದ್ರು ಅಂದೆ."

ಅವನ ಮುಖದಲ್ಲಿ ವ್ಯಂಗ್ಯ ಹುಡುಕಿದೆ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಇರಲಿಲ್ಲ. ರಟ್ಟಿನ ಕೆಳಗೆ, ಔಷಧಿ ಸೀಸೆಗೆ ಚೀಟಿ ಬರೆಯುವ ಪುಟ್ಟ ಅಕ್ಷರದಲ್ಲಿ ಬರೆದಿದ್ದ: 'ಬಾಯಿಬಿಡದೆ ಕಲಿಸಿದ ಭಾವನಿಗೆ.'

ಗಾಜನ್ನು ಒಂದು ಬೆರಳು ಗಿಡ್ಡ ಕತ್ತರಿಸಿದೆ. ಇಷ್ಟು ವರ್ಷದಲ್ಲಿ ಹಾಗಾದದ್ದಿಲ್ಲ. ಎರಡನೆಯದು ಸರಿಹೋಯಿತು.

ಈಗ ಎರಡೂ ಗೋಡೆಯ ಮೇಲಿವೆ. ಗಿರಾಕಿಗಳು ಅವನ ಸಾಲನ್ನು ಓದಿ, ಏನು ಕಲಿಸಿದಿರಿ ಎಂದು ಕೇಳುತ್ತಾರೆ. ಕೇಳಿದರೂ ನಾನೀಗ ಹೇಳುವುದಿಲ್ಲ.