ಅಣ್ಣನ ಅಂಗಿ ಮೂಸಿದವರು

ಬನದಮ್ಮನನ್ನು ನಂಬಿದವರೇ, ಹೋದ ವರ್ಷ ಕಾಫಿ ಕೊಯ್ಲಿನ ಸಮಯದಲ್ಲಿ ನನ್ನಣ್ಣ ಮಾರ ಸಾಯುತ್ತಿದ್ದ. ಸಾಯಲಿ ಬಿಡು ಎನ್ನುವ ಹಾಗೆ ನೋಡಿದವರ ಮೇಲಿನ ಸಿಟ್ಟು ನನಗೆ ಇವತ್ತಿಗೂ ಆರಿಲ್ಲ. ಅಮ್ಮನ ಕೃಪೆಯ ಜೊತೆಗೆ ಅದನ್ನೂ ಬರೆಯುತ್ತೇನೆ.

ಅಣ್ಣ ಹತ್ತು ವರ್ಷ ಕುಡಿದ, ಸುಳ್ಳು ಹೇಳುವುದಿಲ್ಲ. ತಲೆಯೊಳಗೆ ಯಾರೋ ಬೈಯುತ್ತಾರೆ, ಕುಡಿದರೆ ಸುಮ್ಮನಾಗುತ್ತಾರೆ ಎನ್ನುತ್ತಿದ್ದ. ಮನಸ್ಸಿನ ಕಾಯಿಲೆಗೆ ಮಾತ್ರೆ ಶುರುವಾದ ಮೇಲೆ ಎಂಟು ತಿಂಗಳಿಂದ ಒಂದು ಹನಿ ಮುಟ್ಟಿರಲಿಲ್ಲ. ಅವತ್ತು ಬೆಳಿಗ್ಗೆ ಎದೆ ಹಿಡಿದುಕೊಂಡು ಅಂಗಳದಲ್ಲೇ ಕುಸಿದ. ಮೈಯೆಲ್ಲ ಬೆವರು. "ತಂಗೀ, ಎದೆ ಮೇಲೆ ಆನೆ ನಿಂತಂಗಾಯ್ತದೆ," ಎಂದ.

ನಮ್ಮ ಮನೆಯಲ್ಲೊಂದು ಪದ್ಧತಿ. ಕಾಯಿಲೆಯವರನ್ನು ಕಾಡು ದಾಟಿಸುವ ಮುಂಚೆ, ಬನದಮ್ಮನ ಕಲ್ಲಿಗೆ ಎರೆದು ಉಳಿದ ಸಾರಾಯಿಯನ್ನು ಅವರ ಮೈಮೇಲೆ ಚಿಮುಕಿಸಬೇಕು. ಹಾಗೆ ಮಾಡಿದರೆ ಅಮ್ಮ ಜೊತೆಗೆ ಬರುತ್ತಾಳೆ. ನಾನು ಹೆದರಿಕೆಯಲ್ಲಿ ಬೊಗಸೆ ತುಂಬ ಸುರಿದುಬಿಟ್ಟೆ. ತಿರುನೆಲ್ಲಿ ಕಡೆಯಿಂದ ಪೇಟೆಗೆ ಹೋಗುವ ಬಸ್ಸಿನಲ್ಲಿ ಜನ ಮೂಗು ಮುಚ್ಚಿಕೊಂಡರು. ನನಗೆ ಆಗಲೂ ಹೊಳೆಯಲಿಲ್ಲ.

ಪೇಟೆಯ ಆಸ್ಪತ್ರೆಯಲ್ಲಿ ಚೀಟಿ ಬರೆಯುವವನು ಅಂಗಿ ಮೂಸಿದ, ಕುಡಿತ, ಮನಸ್ಸಿನ ಕಾಯಿಲೆ ಎಂದು ಬರೆದಿದ್ದ ಅಣ್ಣನ ಹಳೆಯ ಚೀಟಿ ನೋಡಿದ. ಅಷ್ಟೇ! "ಅಮಲು ಇಳಿಯೋವರೆಗೂ ಬೆಂಚಲ್ಲಿ ಮಲಗ್ಸು," ಎಂದ.

"ಕುಡ್ದಿಲ್ಲ ಸಾರ್, ದೈವಕ್ಕಿಟ್ಟಿದ್ದು ನಾನೇ ಸುರ್ದೆ."

"ನಿಮ್ಮ ದೈವಾನೂ ಕುಡಿಯುತ್ತಾ?" ಎಂದು ನಕ್ಕ. ನಗುವ ಹೊತ್ತೇ ಅದು?

ಬೆಂಚಿನ ಮೇಲೆ ಅಣ್ಣನ ತುಟಿ ನೀಲಿಯಾಗುತ್ತಿತ್ತು. ನಾನು ಕೈ ಮುಗಿಯಲಿಲ್ಲ, ಬೈದೆ. "ಅಮ್ಮಾ, ನಿಂದೇ ಸಾರಾಯಿ, ನಿಂದೇ ವಾಸನೆ. ಇವ್ನು ಸತ್ರೆ ನಿನ್ನ ಕಲ್ಲಿಗೆ ಇನ್ಯಾವತ್ತೂ ದೀಪ ಇಡಲ್ಲ, ನೋಡ್ಕೋ!"

ದಾಟಿ ಹೋಗುತ್ತಿದ್ದ ಒಬ್ಬ ನರ್ಸಮ್ಮ ನಿಂತಳು. ಬಗ್ಗಿ ಅಣ್ಣನ ಬಾಯಿಯ ಹತ್ತಿರ ಮೂಗು ತಂದಳು. "ಚೇಚಿ," ಎಂದು ಮಲಯಾಳದಲ್ಲಿ ನನ್ನನ್ನು ಅಕ್ಕ ಎಂದು ಕರೆದಳು. "ಬಾಯಲ್ಲಿ ಏನೂ ಇಲ್ವಲ್ಲ! ಅಂಗೀಲಿ ಮಾತ್ರ." ಕೂಗಿ ರೋಗಿಗಳನ್ನು ತಳ್ಳುವ ಗಾಡಿ ತರಿಸಿದಳು. ಎದೆಗೆ ವಯರು ಹಚ್ಚಿದರು. ಹೃದಯದ ರಕ್ತನಾಳ ಕಟ್ಟಿತ್ತು.

ಅಣ್ಣ ಉಳಿದ. ಡಾಕ್ಟರು ಹೇಳಿದ್ದು ಮರೆಯುವುದಿಲ್ಲ: "ಕುಡುಕ, ಹುಚ್ಚ ಅಂದ್ಮೇಲೆ ಯಾರೂ ಅವರ ಎದೆ ಮುಟ್ಟಿ ನೋಡಲ್ಲಮ್ಮ. ಇಂಥವರು ಬೇಗ ಸಾಯೋದಕ್ಕೆ ಅದೂ ಒಂದು ಕಾರಣ."

ಆ ನರ್ಸಮ್ಮನನ್ನು ನಿಲ್ಲಿಸಿದ್ದು ಬನದಮ್ಮನೇ. ಬೈದರೂ ಮುನಿಯದ ತಾಯಿ ಅವಳು. ಸಾರಾಯಿ ಈಗ ಕಲ್ಲಿಗೆ ಮಾತ್ರ, ಅಣ್ಣನಿಗೆ ನೀರು ಚಿಮುಕಿಸುತ್ತೇನೆ. ಅಮ್ಮ ಬೇಡ ಎಂದಿಲ್ಲ.

ನಮ್ಮಪ್ಪನೂ ತಲೆ ನರೆಯುವ ಮೊದಲೇ ಎದೆ ಹಿಡಿದುಕೊಂಡು ಹೋದವನು. ಕುಡಿದು ಸತ್ತ ಎಂದರು. ನಾನೂ ಹಾಗೆಯೇ ಹೇಳಿಕೊಂಡು ಬಂದೆ. ಈಗ ಶುಕ್ರವಾರ ಅಮ್ಮನಿಗೆ ದೀಪ ಹಚ್ಚಿದ ಮೇಲೆ, ಅಪ್ಪನನ್ನು ಮಣ್ಣು ಮಾಡಿದ ಜಾಗಕ್ಕೆ ಹೋಗಿ, ತಪ್ಪಾಯಿತಪ್ಪಾ ಎಂದು ಅವನಿಗೂ ಹೇಳಿ ಬರುತ್ತೇನೆ.