ನೀರೂ ಹಳದಿಯಾಗಿ ಕಂಡ ದಿನ

ಎರಡನೇ ಮಹಾಯುದ್ಧ ಮುಗಿಯುವ ಹಿಂದಿನ ವರ್ಷದ ಮಾತು. ಆಗ ಕುಷ್ಟಗಿಯಲ್ಲಿ ನಮ್ಮದೊಂದು ಜವಳಿ ಅಂಗಡಿ ಇತ್ತು. ಸೀರೆಗೆ ಹೊಂದುವ ಕುಪ್ಪಸದ ಖಣ ಆರಿಸಿಕೊಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದು ಹೆಂಗಸರೆಲ್ಲ ಹೇಳುತ್ತಿದ್ದರು. ಅವರು ಹೇಳದಿದ್ದರೆ ನಾನೇ ಹೇಳಿಕೊಳ್ಳುತ್ತಿದ್ದೆ. ಇಪ್ಪತ್ತರ ಆಸುಪಾಸಿನ ವಯಸ್ಸು, ಜಂಬಕ್ಕೇನು ಕಡಿಮೆ!

ಆ ವರ್ಷ ಮನೆಮನೆಗೂ ಚಳಿಜ್ವರ. ಕ್ವಿನೈನ್ ಸಿಗುತ್ತಿರಲಿಲ್ಲ, ಅದರ ಬದಲಿಗೆ ಹಳದಿ ಗುಳಿಗೆ ಬಂದಿತ್ತು. ಸರ್ಕಾರಿ ದವಾಖಾನೆಯ ಕಾಂಪೌಂಡರ್ ರಾಚಪ್ಪನವರು ಅದನ್ನು ಅರೆದು, ನೀರಿನಲ್ಲಿ ಕರಗಿಸಿ ಬಾಟಲಿಗೆ ತುಂಬಿ ಕೊಡುತ್ತಿದ್ದರು. ಕೆಲವರಿಗೆ ಜ್ವರ ಬಿಡಲಿಲ್ಲ. "ಕಾಂಪೌಂಡರ್ ಗುಳಿಗಿ ಮಾರ್ಕೊಂಡು ನಮಗ ಬರೇ ನೀರು ಕುಡಸಾಕತ್ಯಾನ" ಎಂಬ ಮಾತು ಹುಟ್ಟಿತು. ಯಾರೋ ಮೇಲಕ್ಕೆ ದೂರು ಕೊಟ್ಟರು. ವಿಚಾರಣೆಗೆ ರಾಯಚೂರಿನಿಂದ ವಯಸ್ಸಾದ ಡಾಕ್ಟರೊಬ್ಬರು ಬಂದರು. ತಪ್ಪು ಸಾಬೀತಾದರೆ ರಾಚಪ್ಪನವರ ನೌಕರಿಯಷ್ಟೇ ಅಲ್ಲ, ಮಾನವೂ ಹೋಗಿ ಜೈಲು ಸೇರಬೇಕಾಗಿತ್ತು.

ಡಾಕ್ಟರ್ ಮೇಜಿನ ಮೇಲೆ ಒಂದೇ ಅಳತೆಯ ಗಾಜಿನ ಕೊಳವೆಗಳನ್ನು ನಿಲ್ಲಿಸಿದರು. ಒಂದರಲ್ಲಿ ತಾವೇ ಸರಿಯಾಗಿ ಕರಗಿಸಿದ ಔಷಧ, ಇನ್ನೊಂದರಲ್ಲಿ ಅದಕ್ಕೇ ಅರ್ಧ ನೀರು ಬೆರೆಸಿದ್ದು, ಮತ್ತೊಂದರಲ್ಲಿ ರಾಚಪ್ಪನವರ ಬಾಟಲಿಯದು. ಅದರ ಬಣ್ಣ ಯಾವುದಕ್ಕೆ ಹೊಂದುತ್ತದೋ ಔಷಧದ ಬಲವೂ ಅಷ್ಟೇ ಎಂದು ಲೆಕ್ಕ.

"ನನ್ನ ಕಣ್ಣಿಗೆ ಪೊರಿ ಬಂದೈತಿ. ಸಣ್ಣ ಫರಕು ತಿಳಿಯೂದಿಲ್ಲ. ಪಂಚರು ನೋಡಿ ಹೇಳ್ಲಿ" ಎಂದರು.

ಪಂಚರೆಂದರೆ ವಿಚಾರಣೆಗೆ ಸಾಕ್ಷಿಗಳಾಗಿ ಕರೆಸಿದ್ದ ಊರ ಗೌಡರು ಮತ್ತು ನಾನು. ಗೌಡರು, "ಬಣ್ಣದಾಗ ಈ ಹುಡುಗ ಹೇಳಿದ್ದಽ ಖರೆ" ಎಂದು ಕೈ ತೊಳೆದುಕೊಂಡರು.

ಅವತ್ತು ಬೆಳಗಿನಿಂದ ನನಗೆ ಬಿಸಿಲೇ ಒಂದು ಥರ ಕಾಣುತ್ತಿತ್ತು. ಸುಣ್ಣದ ಗೋಡೆ, ಒಗೆದ ಧೋತರ, ಎಲ್ಲಕ್ಕೂ ಅರಿಶಿನ ಬಳಿದಂತೆ. ಅವ್ವನನ್ನು ಕೇಳಿದ್ದೆ. "ಹೌದಪ್ಪಾ, ನನಗೂ ಹಂಗಽ ಕಾಣಾಕತ್ತೈತಿ. ಮುಗಿಲು ಕೆಟ್ಟೈತಿ" ಎಂದಿದ್ದಳು. ಹೆಂಡತಿಯೂ ಹಾಗೆಯೇ ಹೇಳಿದಳು. ಮನೆಮಂದಿಯೆಲ್ಲ ಒಪ್ಪಿದ ಮೇಲೆ ನನಗೇಕೆ ಅನುಮಾನ ಬರಬೇಕು?

ಕೊಳವೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದೆ.

"ಬಾಟಲಿ ಔಷಧ ಅರ್ಧ ನೀರಿಂದಕ್ಕ ಹೊಂದತೈತೇನು?" ಎಂದು ಡಾಕ್ಟರ್ ಕೇಳಿದರು.

"ಹೊಂದತೈತ್ರಿ."

"ಪ್ರಮಾಣ ಮಾಡಿ ಹೇಳ್ತಿಯೇನು?"

"ಮಾಡ್ತೀನ್ರಿ."

ರಾಚಪ್ಪನವರು ಗೋಡೆಗೆ ಒರಗಿ ಹಾಗೇ ಕೆಳಗೆ ಕುಳಿತುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ಸಂಕಟವಾಯಿತು. ಆದರೆ ಕಂಡದ್ದು ಕಂಡದ್ದೇ ಅಲ್ಲವೇ?

"ಪೂರಾ ಔಷಧದ್ದಕ್ಕ?"

"ಅದಕ್ಕೂ ಹೊಂದತೈತ್ರಿ."

ಡಾಕ್ಟರ್ ನನ್ನನ್ನೇ ನೋಡಿದರು. ಪಕ್ಕದಲ್ಲಿದ್ದ ಇನ್ನೊಂದು ಕೊಳವೆ ಎತ್ತಿ ಕೊಟ್ಟರು. "ಇದು?"

"ಇದೂ ಅದಽ ಬಣ್ಣರಿ."

"ಇದು ಬಾವಿ ನೀರಪ್ಪಾ!"

ಜನ ಗೊಳ್ಳೆಂದು ನಕ್ಕರು. "ನಿನಗ ರೊಕ್ಕ ಯಾರು ಕೊಟ್ಟಾರ?" ಎಂದು ಡಾಕ್ಟರ್ ಗದರಿದರು. ನನಗೆ ತಲೆಯೇ ಓಡಲಿಲ್ಲ. ಔಷಧ ನೀರಾಗಿತ್ತೋ, ನೀರೇ ಔಷಧವಾಗಿತ್ತೋ ದೇವರೇ ಬಲ್ಲ. ಸುತ್ತ ನೋಡಿದರೆ ಎಲ್ಲರ ಮುಖವೂ ಹಳದಿ.

ಡಾಕ್ಟರ್ ನನ್ನ ರೆಪ್ಪೆ ಎಳೆದು ಕಾಮಾಲೆ ಇದೆಯೇ ಎಂದು ನೋಡಿದರು. ಇರಲಿಲ್ಲ.

"ರಾತ್ರಿ ಏನು ತಿಂದಿ?"

"ರೊಟ್ಟಿ, ಪುಂಡಿಪಲ್ಯೆ. ಆಮ್ಯಾಲ ಜಂತುಹುಳದ ಪುಡಿ ತಗೊಂಡೀನ್ರಿ."

"ಯಾರು ಕೊಟ್ಟಿದ್ದು?"

ನಾನು ರಾಚಪ್ಪನವರ ಕಡೆ ಕೈ ತೋರಿಸಿದೆ. ಅಲ್ಲಿಗೆ ಇನ್ನೊಂದು ಗೊಂದಲ! "ಸಾಕ್ಷಿ ಕಣ್ಣು ಕೆಡಿಸಾಕ ಪುಡಿ ಕೊಟ್ಟಿಯೇನು?" ಎಂದು ಡಾಕ್ಟರ್ ಅವರ ಮೇಲೆ ಹರಿಹಾಯ್ದರು.

"ಇಲ್ರೀ ಸಾಹೇಬ್ರ, ಇವನ್ನ ಪಂಚ ಮಾಡ್ತೀರಿ ಅಂತ ನನಗೇನು ಗೊತ್ತಿತ್ರಿ? ಅವರ ಮನ್ಯಾಗ ಪ್ರತಿ ವರ್ಷ ಎಲ್ಲಾರೂ ಒಂದಽ ರಾತ್ರಿ ತಗೋತಾರ್ರಿ" ಎಂದು ರಾಚಪ್ಪನವರು ಅಳುವ ದನಿಯಲ್ಲಿ ಹೇಳಿದರು.

ಅದು ನಿಜ. ಒಬ್ಬರು ತೆಗೆದುಕೊಂಡು ಒಬ್ಬರು ಬಿಟ್ಟರೆ ಹುಳು ಮನೆ ಬಿಡುವುದಿಲ್ಲ ಎಂಬುದು ಅವ್ವನ ಕಾನೂನು. ರಾತ್ರಿ ಎಲ್ಲರಿಗೂ ಪುಡಿ, ಬೆಳಿಗ್ಗೆ ಎಲ್ಲರಿಗೂ ಔಡಲೆಣ್ಣೆ. ಆ ಪುಡಿ ತಿಂದವರಿಗೆ ಒಂದೆರಡು ದಿನ ಜಗತ್ತೇ ಹಳದಿಯಾಗಿ ಕಾಣುವುದುಂಟು ಎಂದು ಡಾಕ್ಟರ್ ತಿಳಿಸಿ ಹೇಳಿದರು. ಮನೆಯಲ್ಲಿ ಎಲ್ಲರ ಕಣ್ಣೂ ಒಂದೇ ರೀತಿ ಕೆಟ್ಟಿದ್ದರಿಂದ ತಿದ್ದುವವರೇ ಇರಲಿಲ್ಲ.

ಬಣ್ಣ ನೋಡಿ ಹೇಳಲು ಗೌಡರು ಆಗಲೂ ಒಪ್ಪದ್ದರಿಂದ, ನನಗೆ ಗೋಡೆ ಬೆಳ್ಳಗೆ ಕಾಣುವವರೆಗೂ ಡಾಕ್ಟರ್ ಊರಲ್ಲೇ ಉಳಿದರು. ಆಮೇಲೆ ಮತ್ತೆ ಕೊಳವೆ ಹಿಡಿದು ನೋಡಿದೆ. ನೀರು ನೀರಾಗಿತ್ತು, ಅರ್ಧ ನೀರಿನದು ತಿಳಿ ಹಳದಿಯಾಗಿತ್ತು. ರಾಚಪ್ಪನವರದು ಪೂರಾ ಔಷಧಕ್ಕೆ ಸರಿಯಾಗಿ ಹೊಂದಿತ್ತು. ನನ್ನ ಕಣ್ಣನ್ನೇ ನಂಬಲಾಗದೆ ತಿರುತಿರುಗಿ ನೋಡಿ, ಪಂಚನಾಮೆಗೆ ಸಹಿ ಹಾಕಿದೆ. ವಿಚಾರಿಸಿದಾಗ, ಜ್ವರ ಬಿಡದವರು ಕಹಿ ತಾಳದೆ ಔಷಧವನ್ನು ಅರ್ಧಕ್ಕೇ ಬಿಟ್ಟಿದ್ದು ತಿಳಿಯಿತು.

ಹೊರಗೆ ಬಂದು, "ನನ್ನಿಂದ ನಿಮಗ ಭಾಳ ತ್ರಾಸಾತ್ರಿ" ಎಂದೆ. ರಾಚಪ್ಪನವರು ಸ್ವಲ್ಪವೂ ಸಿಟ್ಟಾಗಲಿಲ್ಲ.

"ಇರ್ಲಿ ಬಿಡು ತಮ್ಮಾ. ಆದ್ರ ನೀ ಪ್ರಮಾಣ ಮಾಡ್ತೀನಿ ಅಂದಿ ನೋಡು, ಆವಾಗ ನನಗೂ ಖರೆ ಅನಿಸಿಬಿಡ್ತು. ನಿನ್ನ ಕಣ್ಣು ಕೆಟ್ಟಿದ್ದು ಗೊತ್ತಾದ ಮ್ಯಾಲೂ ನನಗ ನಿದ್ದಿ ಹತ್ತಲಿಲ್ಲ. ಎಲ್ಲೆರ ನಾನಽ ನೀರು ಹೆಚ್ಚಿಗಿ ಹಾಕೀನೇನೋ ಅಂತ."

ನಾನು ಸುಳ್ಳು ಹೇಳಿರಲಿಲ್ಲ, ಕಂಡದ್ದನ್ನೇ ಹೇಳಿದ್ದೆ. ಕಂಡದ್ದನ್ನೇ ಹೇಳಿ, ಏನೂ ತಪ್ಪು ಮಾಡದ ಮನುಷ್ಯನಿಗೆ ತನ್ನ ಕೈಯ ಮೇಲೇ ಅನುಮಾನ ಬರುವಂತೆ ಮಾಡಿದ್ದನ್ನು ಈಗಲೂ ಮರೆತಿಲ್ಲ.